ಪಂಪ್ ರೂಮಿನ 4 ಇಂಚಿನ ಫ್ಲೇಂಜ್ ಮತ್ತೆ ಮತ್ತೆ ಸೋರುತ್ತಿದೆ, ಯಾವ ರಬ್ಬರ್ ಪ್ಯಾಕಿಂಗ್ ಹಾಕಬೇಕು?

ಮುಲುಂಡ್_ಸೊಸೈಟಿ

ಎಲ್ಲರಿಗೂ ನಮಸ್ಕಾರ. ಮುಲುಂಡ್‌ನಲ್ಲಿ 14 ಮಾಳಿಗೆಯ ಕಟ್ಟಡ. ಕೆಳಗಿನ ಟಾಂಕಿಯಿಂದ ಟೆರೇಸ್ ಟಾಂಕಿಗೆ 4 ಇಂಚಿನ ಎಂಎಸ್ (ಮೆದು ಉಕ್ಕಿನ) ಲೈನ್. ಪಂಪ್, ಆಮೇಲೆ ಎನ್‌ಆರ್‌ವಿ (ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್), ಅದರ ಮೇಲೆ ಬೀಡಿನ (ಎರಕದ ಕಬ್ಬಿಣದ) ಸ್ಲೂಸ್ ವಾಲ್ವ್. ಪಂಪ್ ಓಡುವಾಗ ಗೇಜ್ 6 ಕೆಜಿ (ಚದರ ಸೆಂಟಿಮೀಟರಿಗೆ) ತೋರಿಸುತ್ತದೆ.

ವಾಲ್ವ್‌ಗೂ ಅದರ ಮೇಲಿನ ಪೈಪಿಗೂ ನಡುವಿನ ಫ್ಲೇಂಜ್ (ಬೋಲ್ಟ್ ಹಾಕಿ ಜೋಡಿಸುವ ತಟ್ಟೆ) ಮಾತ್ರ ಪದೇ ಪದೇ ಸೋರುತ್ತದೆ. ಪ್ಲಂಬರ್ 5 ಎಂಎಂ ಕಪ್ಪು ಶೀಟ್ ಕತ್ತರಿಸಿ, ಎರಡೂ ಕಡೆ ಗ್ರೀಸ್ ಸವರಿ ಹಾಕುತ್ತಾರೆ. ಬಿಚ್ಚಿದಾಗ ಪ್ಯಾಕಿಂಗ್ ಒಂದು ಪಕ್ಕಕ್ಕೆ ಉಬ್ಬಿ ಹೊರಬಂದಿರುತ್ತದೆ, ಬೋಲ್ಟ್ ತೂತಿನ ಹತ್ತಿರ ಹರಿದಿರುತ್ತದೆ. ಅಂಗಡಿಯಲ್ಲಿ ಕೇಳಿದರೆ ಇಪಿಡಿಎಂ, ನೈಟ್ರೈಲ್, ನಿಯೋಪ್ರೀನ್, ಇನ್ಸರ್ಷನ್ ಅಂತ ನಾಲ್ಕು ಹೆಸರು ಹೇಳುತ್ತಾರೆ. ಯಾವುದು ತರಬೇಕು, ಎಷ್ಟು ದಪ್ಪ?

ಇನ್ನೊಂದು: ಮೀಟರ್ ಪಕ್ಕ 100 ಎಂಎಂ ಡಿಐ (ಡಕ್ಟೈಲ್ ಕಬ್ಬಿಣದ) ಪೈಪಿನ ಸಾಕೆಟ್ ಜಾಯಿಂಟ್ ಸ್ವಲ್ಪ ಜಿನುಗುತ್ತಿದೆ. ಹೊರಗಿನಿಂದ ಎಂ-ಸೀಲ್ (ಎಪಾಕ್ಸಿ ಮೆತ್ತೆ) ಮೆತ್ತಿದರೆ ನಿಲ್ಲುತ್ತದೆಯೇ?

ಭೋಸರಿ_ಗ್ಯಾಸ್ಕೆಟ್

ತಣ್ಣೀರಿಗೆ ಇಪಿಡಿಎಂ, 3 ಎಂಎಂ, ಗಡಸುತನ ಶೋರ್ ಎ ಅಳತೆಯಲ್ಲಿ 65 ರಿಂದ 70. ಕುಡಿಯುವ ನೀರಾದ್ದರಿಂದ ಫುಡ್ ಗ್ರೇಡ್ ಎಂದು ಕೇಳಿ ತನ್ನಿ. ನೈಟ್ರೈಲ್ ಡೀಸೆಲ್, ಎಣ್ಣೆ ಲೈನಿಗೆ. ನೀರಿಗೂ ನಡೆಯುತ್ತದೆ, ಆದರೆ ಬಿಸಿಲು ಮತ್ತು ಓಝೋನಿಗೆ ಬೇಗ ಬಿರಿಯುತ್ತದೆ. ನಿಯೋಪ್ರೀನ್ ಮಧ್ಯಮ, ಎಲ್ಲದಕ್ಕೂ ಒಂದಿಷ್ಟು. ಇನ್ಸರ್ಷನ್ ಅಂದರೆ ಒಳಗೆ ಬಟ್ಟೆಯ ಪದರ ಇರುವ ಶೀಟ್. ಅದು ಪಕ್ಕಕ್ಕೆ ಹಿಗ್ಗುವುದು ಕಡಿಮೆ, ಆದರೆ ಕತ್ತರಿಸಿದ ಅಂಚಿನಲ್ಲಿ ಬಟ್ಟೆ ನೀರು ಹೀರುತ್ತದೆ. ಅಲ್ಲದೆ ಎಷ್ಟೋ ಇನ್ಸರ್ಷನ್ ಶೀಟುಗಳ ರಬ್ಬರೇ ಕಳಪೆ.

ಗ್ರೀಸ್ ಇಂದೇ ಬಿಡಿಸಿ. ಸಾಮಾನ್ಯ ಗ್ರೀಸ್ ಪೆಟ್ರೋಲಿಯಂ ಎಣ್ಣೆ. ಇಪಿಡಿಎಂ, ನ್ಯಾಚುರಲ್, ಎಸ್‌ಬಿಆರ್ ಈ ಮೂರು ರಬ್ಬರೂ ಅದನ್ನು ಹೀರಿ ಊದಿ ಮೆತ್ತಗಾಗುತ್ತವೆ. ಅದಕ್ಕಿಂತ ಮೊದಲೇ ಇನ್ನೊಂದು ಹಾನಿ: ರಬ್ಬರ್ ಶೀಟನ್ನು ಅದರ ಜಾಗದಲ್ಲಿ ಹಿಡಿದಿಡುವುದು ಫ್ಲೇಂಜ್ ಮುಖದ ಘರ್ಷಣೆ, ಗ್ರೀಸ್ ಅದನ್ನೇ ಕಸಿದುಕೊಳ್ಳುತ್ತದೆ. ನಿಮ್ಮ ಪ್ಯಾಕಿಂಗ್ ಪಕ್ಕಕ್ಕೆ ಜಾರಿ ಬರುವುದು ಹಾಗೆ. ಒಣಗಿಸಿ, ಒಣದಾಗಿಯೇ ಹಾಕಿ.

ಶೀಟ್ ನೋಡಿ ಕೊಳ್ಳುವುದು ಹೇಗೆ ಅಂದರೆ, ತುಂಡನ್ನು ಪೂರ್ತಿ ಮಡಚಿ ಒತ್ತಿ. ಮಡಿಕೆಯಲ್ಲಿ ಬಿಳಿ ಗೆರೆಯೋ ಸೀಳೋ ಕಂಡರೆ ಚಾಕ್ ತುಂಬಿಸಿದ ಮಾಲು. ತೂಕವೂ ಹೇಳುತ್ತದೆ: 1 ಚದರ ಮೀಟರ್, 3 ಎಂಎಂ ಒಳ್ಳೆಯ ಇಪಿಡಿಎಂ ಶೀಟ್ ಸುಮಾರು ಮೂರೂವರೆ ಕಿಲೋ. ನಾಲ್ಕೂವರೆ ದಾಟಿದರೆ ಫಿಲ್ಲರ್ ಜಾಸ್ತಿ. ನೈಟ್ರೈಲ್ ಎಂದು ಇನ್ನೇನೋ ಕೊಟ್ಟಿದ್ದಾರೆ ಅನ್ನಿಸಿದರೆ ಚಿಕ್ಕ ತುಂಡನ್ನು ರಾತ್ರಿಯಿಡೀ ಡೀಸೆಲಿನಲ್ಲಿ ಹಾಕಿಡಿ; ಇಪಿಡಿಎಂ ಆದರೆ ಬೆಳಿಗ್ಗೆಗೆ ಊದಿರುತ್ತದೆ. ಮುಂಬೈಯಲ್ಲಾದರೆ ನಾಗದೇವಿ ಸ್ಟ್ರೀಟಿನಲ್ಲಿ ಸಿಗುತ್ತದೆ.

ಆದರೆ ಒಂದೇ ಜಾಯಿಂಟ್ ಸೋರುತ್ತಿದೆ ಎಂದರೆ ರಬ್ಬರಿನ ಮೇಲೆ ನನಗೆ ಅನುಮಾನ ಕಡಿಮೆ. ಎರಡು ಅಳತೆ ಹಾಕಿ ಹೇಳಿ: ಎರಡೂ ಫ್ಲೇಂಜಿನ ಎದುರುಬದುರು ತೂತುಗಳ ಮಧ್ಯದಿಂದ ಮಧ್ಯಕ್ಕೆ ಎಷ್ಟು? ಬೋಲ್ಟ್ ಸಡಿಲಿಸಿದಾಗ ಎರಡು ಮುಖಗಳ ನಡುವಿನ ಸಂದು ನಾಲ್ಕೂ ಕಡೆ ಎಷ್ಟೆಷ್ಟು?

ಡೊಂಬಿವ್ಲಿ_ಫಿಟ್ಟಿಂಗ್

5 ಎಂಎಂ ತಪ್ಪೇನಲ್ಲ. ಫ್ಲೇಂಜ್ ಸ್ವಲ್ಪ ಓರೆ ಇದ್ದರೆ ದಪ್ಪ ಪ್ಯಾಕಿಂಗ್ ತಾನೇ ಸಂದು ತುಂಬುವುದು? ಗ್ರೀಸ್ ಬದಲು ಹೋಲ್ಡ್‌ಟೈಟ್ (ಜಾಯಿಂಟಿಗೆ ಹಚ್ಚುವ ಪೇಸ್ಟ್) ಹಚ್ಚಿ ಬಿಗಿಯಾಗಿ ಎಳೆದರೆ ಸಾಕು.

ಭೋಸರಿ_ಗ್ಯಾಸ್ಕೆಟ್

ಇಲ್ಲಣ್ಣ, ಒಪ್ಪುವುದಿಲ್ಲ. ರಬ್ಬರಿನ ಗಾತ್ರ ಒತ್ತಿದರೆ ಕುಗ್ಗುವುದಿಲ್ಲ, ಪಕ್ಕಕ್ಕೆ ಹರಿಯುತ್ತದೆ. ಶೀಟ್ ದಪ್ಪ ಆದಷ್ಟೂ ಹರಿಯುವುದು ಹೆಚ್ಚು, ನೀರಿನ ಒತ್ತಡ ತಳ್ಳುವ ಅಂಚೂ ದಪ್ಪ. ಓರೆ ಇದ್ದ ಕಡೆ ಎಳೆದರೆ ಕಿರಿದಾದ ಬದಿ ಚಪ್ಪಟೆಯಾಗಿ ಹರಿಯುತ್ತದೆ, ಅಗಲದ ಬದಿಯಲ್ಲಿ ಒತ್ತಡವೇ ಬರುವುದಿಲ್ಲ. ಮುಲುಂಡ್‌ನವರು ಬರೆದದ್ದು ಅದನ್ನೇ. ಇನ್ನು ಬೀಡಿನ ವಾಲ್ವ್ ಮೇಲೆ ಬಲ ಹಾಕಿ ಎಳೆದರೆ ಫ್ಲೇಂಜಿನ ಅಂಚು ಮುರಿದು ವಾಲ್ವೇ ಹೋಗುತ್ತದೆ. ಹೋಲ್ಡ್‌ಟೈಟ್ ಚೂಡಿ (ತಿರುಪು) ಜಾಯಿಂಟಿಗೆ ಇರಲಿ. ರಬ್ಬರ್ ಶೀಟಿನ ಮೇಲೆ ಹಸಿ ಪೇಸ್ಟ್ ಮಾಡುವುದೂ ಗ್ರೀಸಿನ ಕೆಲಸವನ್ನೇ.

ಮುಲುಂಡ್_ಸೊಸೈಟಿ

ಇಂದು ಅಳೆಸಿದೆವು ಸರ್. ವಾಲ್ವ್ ಕಡೆ 180 ಎಂಎಂ, ಪೈಪಿನ ಕಡೆ 190 ಎಂಎಂ. ಪೈಪಿನ ಫ್ಲೇಂಜಿನ ತೂತುಗಳನ್ನು ಫೈಲ್ ಹಾಕಿ ಉದ್ದ ಮಾಡಿದ್ದಾರೆ. ಆ ಫ್ಲೇಂಜಿನ ಮಧ್ಯಭಾಗ ಸ್ವಲ್ಪ ಉಬ್ಬಿದೆ. ಸಂದು ಒಂದು ಕಡೆ 4, ಎದುರು ಕಡೆ 7.

ಭೋಸರಿ_ಗ್ಯಾಸ್ಕೆಟ್

ಹಾಗಾದರೆ ರೋಗ ಸಿಕ್ಕಿತು. ವಾಲ್ವ್ ಪಿಎನ್ ಎಂಬ ಮೆಟ್ರಿಕ್ ಮಾನದಂಡದ ತೂತುಗಳದ್ದು: 100 ಎಂಎಂಗೆ ಹೊರವ್ಯಾಸ 220, ಬೋಲ್ಟ್ ವೃತ್ತ 180, ಎಂ16 ಬೋಲ್ಟ್ 8. ಪೈಪಿಗೆ ಬೆಸುಗೆ ಹಾಕಿದ್ದು ಎಎಸ್‌ಎ 150, ಅಂದರೆ ಅಮೆರಿಕನ್ ಮಾನದಂಡದ್ದು: ಹೊರವ್ಯಾಸ 229, ಬೋಲ್ಟ್ ವೃತ್ತ 190.5, ಅದಕ್ಕೂ 8 ಬೋಲ್ಟ್. ಸಂಖ್ಯೆ ಒಂದೇ ಆದ್ದರಿಂದ ಹೊಂದುತ್ತದೆ ಎಂದು ಕಾಣುತ್ತದೆ, ಪ್ರತಿ ತೂತೂ 5 ಎಂಎಂ ಆಚೀಚೆ. ಉದ್ದ ತೂತಿನಲ್ಲಿ ವಾಷರ್ ಸರಿಯಾಗಿ ಕೂರುವುದಿಲ್ಲ, ಬೋಲ್ಟ್ ಓರೆಯಾಗಿ ಎಳೆಯುತ್ತದೆ. ಮೇಲಾಗಿ ಮಧ್ಯ ಉಬ್ಬಿದ ಉಕ್ಕಿನ ಫ್ಲೇಂಜನ್ನು ಸಪಾಟಾದ ಬೀಡಿನ ಮುಖಕ್ಕೆ ಕಟ್ಟಿದ್ದಾರೆ, ಅಂಚು ಬಾಗಿ ಬೀಡು ಬಿರಿಯುವುದಕ್ಕೆ ಅದೇ ದಾರಿ.

ಮಾಡಬೇಕಾದ್ದು ಇಷ್ಟು. ಪೈಪಿನ ಫ್ಲೇಂಜ್ ಕತ್ತರಿಸಿ ತೆಗೆದು 180 ವೃತ್ತದ, ಸಪಾಟು ಮುಖದ ಎಂಎಸ್ ಫ್ಲೇಂಜ್ ಬೆಸುಗೆ ಹಾಕಿಸಿ. ಜಾಗದಲ್ಲೇ ಫ್ಲೇಂಜನ್ನು ವಾಲ್ವಿಗೆ ಹೊಂದಿಸಿ, ಪೈಪಿಗೆ ಟ್ಯಾಕ್ (ಅಲ್ಲಲ್ಲಿ ಚುಕ್ಕಿ ಬೆಸುಗೆ) ಹಾಕಿಸಿಕೊಂಡು, ಆಮೇಲೆ ವಾಲ್ವ್ ಬಿಚ್ಚಿ ಪೂರ್ತಿ ಬೆಸುಗೆ. ತಣಿದ ಮೇಲೆ ಸಂದು ಮತ್ತೆ ನೋಡಿ, ಸುತ್ತ 1 ಎಂಎಂಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಪೈಪಿಗೆ ಗೋಡೆಯಲ್ಲಿ ಕ್ಲ್ಯಾಂಪ್ ಬೇಕು. ಭಾರ ವಾಲ್ವಿನ ಮೇಲೆ ಬಂದರೆ ಓರೆ ಮತ್ತೆ ಬರುತ್ತದೆ.

ಪ್ಯಾಕಿಂಗ್ ಫುಲ್ ಫೇಸ್ (ಬೋಲ್ಟ್ ತೂತುಗಳೂ ಸೇರಿ ಇಡೀ ಮುಖ ಮುಚ್ಚುವಂಥದ್ದು): ಹೊರಗೆ 220, ಒಳಗೆ 115, ತೂತು 18. ತೂತಿಗೆ ಪೊಳ್ಳು ಪಂಚ್ ಬಳಸಿ. ಫ್ಲೇಂಜ್ ಮೇಲೆ ಶೀಟ್ ಇಟ್ಟು ಸುತ್ತಿಗೆಯಿಂದ ಬಡಿದು ಕತ್ತರಿಸುವ ಅಭ್ಯಾಸ ಎಲ್ಲ ಕಡೆ ಇದೆ, ಅದರಿಂದ ರಬ್ಬರಿನ ಅಂಚೂ ಫ್ಲೇಂಜಿನ ಅಂಚೂ ಹಾಳು. ಒಳವ್ಯಾಸ ಪೈಪಿಗಿಂತ ಚಿಕ್ಕದಾದರೆ ರಬ್ಬರ್ ನೀರಿನ ದಾರಿಗೆ ಚಾಚಿ ಕಿತ್ತುಬರುತ್ತದೆ.

ಬಿಗಿಸುವಾಗ ಎದುರುಬದುರು ಕ್ರಮದಲ್ಲಿ ಮೂರು ಸುತ್ತು: ಮೊದಲು ಕೈಬಿಗಿ, ಆಮೇಲೆ ಅರ್ಧ, ಆಮೇಲೆ ಪೂರ್ತಿ, ಕೊನೆಗೆ ಒಂದು ಸುತ್ತು ಸಾಲಾಗಿ. ಎಷ್ಟು ಎನ್ನುವುದಕ್ಕೆ ಸಂದೇ ಅಳತೆ. 3 ಎಂಎಂ ಶೀಟ್ ಸುತ್ತಲೂ ಸಮವಾಗಿ 2.3 ರಿಂದ 2.4 ಎಂಎಂಗೆ ಬರಲಿ, ವರ್ನಿಯರ್ ಅಥವಾ ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿ) ನಾಲ್ಕು ಕಡೆ ನೋಡಿ. ಮರುದಿನ ಲೈನಿನ ಒತ್ತಡ ಇಳಿಸಿ ಇನ್ನೊಮ್ಮೆ ಅದೇ ಕ್ರಮದಲ್ಲಿ ಬಿಗಿ. ನೀರು ತುಂಬಿದ ಒತ್ತಡದಲ್ಲಿ ಎಳೆಯಬೇಡಿ.

ಪನ್ವೇಲ್_ಪಂಪ್

ಎನ್‌ಆರ್‌ವಿ ಹೇಗಿದೆ? ಪಂಪ್ ನಿಂತ ಕ್ಷಣ ಧಡ್ ಎಂಬ ಸದ್ದು ಬರುತ್ತಿದೆಯೇ? 4 ಇಂಚಿನಲ್ಲಿ ಗಂಟೆಗೆ 30,000 ಲೀಟರ್ ಹೋದರೆ ವೇಗ ಸೆಕೆಂಡಿಗೆ ಸುಮಾರು 1 ಮೀಟರ್. ಉಕ್ಕಿನ ಪೈಪಿನಲ್ಲಿ ಅಷ್ಟು ವೇಗದ ನೀರನ್ನು ತಟ್ಟನೆ ತಡೆದರೆ ಹೆಚ್ಚುವರಿ ಒತ್ತಡ 12 ಕೆಜಿ ಹತ್ತಿರ ಏರುತ್ತದೆ. ಎನ್‌ಆರ್‌ವಿಯ ಫ್ಲಾಪ್ (ಒಳಗಿನ ಬಾಗಿಲು) ತಡವಾಗಿ ಮುಚ್ಚಿದರೆ ಹಿಂದಕ್ಕೆ ಇಳಿಯುವ ನೀರಿಗೆ ಅಷ್ಟೇ ವೇಗ ಬಂದಿರಬೇಕಿಲ್ಲ, ಅರ್ಧ ಬಂದರೂ ನಿಮ್ಮ 6ರ ಲೆಕ್ಕ ದುಪ್ಪಟ್ಟು. ಗೇಜಿನ ಮುಳ್ಳು ಅದನ್ನು ಹಿಡಿಯುವುದಿಲ್ಲ, ಪ್ಯಾಕಿಂಗಿಗೆ ಮಾತ್ರ ಗೊತ್ತಾಗುತ್ತದೆ. ಸದ್ದು ಇದ್ದರೆ ಸ್ಪ್ರಿಂಗ್ ಇರುವ, ಬೇಗ ಮುಚ್ಚುವ ಎನ್‌ಆರ್‌ವಿ ಹಾಕಿಸಿ.

ಮುಲುಂಡ್_ಸೊಸೈಟಿ

ಸದ್ದು ಬರುತ್ತದೆ, ಮೊದಲ ಮಾಳಿಗೆಯವರೆಗೆ ಕೇಳುತ್ತದೆ. ಎರಡನ್ನೂ ಒಟ್ಟಿಗೆ ಮಾಡಿಸುತ್ತೇವೆ. ಡಿಐ ಜಾಯಿಂಟಿನ ವಿಷಯ ಯಾರಾದರೂ ಹೇಳುತ್ತೀರಾ?

ವಾಸ್ಕೋ_ಪೈಪ್‌ಲೈನ್

ಎಂ-ಸೀಲ್ ಬೇಡ ಸರ್. ಸಾಕೆಟ್ ಒಳಗಿನ ಪುಷ್-ಆನ್ ರಬ್ಬರ್ ರಿಂಗ್ ಒಳಗಿನ ನೀರಿನ ಒತ್ತಡದಿಂದಲೇ ಇನ್ನಷ್ಟು ಬಿಗಿಯಾಗುವ ಜಾತಿ. ಒತ್ತಡ ಇದ್ದೂ ಜಿನುಗುತ್ತಿದೆ ಎಂದರೆ ರಿಂಗ್ ತಿರುಚಿದೆ, ಇಲ್ಲವೇ ಕತ್ತರಿಸಿಹೋಗಿದೆ, ಇಲ್ಲವೇ ಗಾಡಿಯಲ್ಲಿ (ಸಾಕೆಟ್ ಒಳಗೆ ರಿಂಗ್ ಕೂರುವ ತೋಡಿನಲ್ಲಿ) ಮರಳು ಸಿಕ್ಕಿದೆ. ಮುಂಬೈಯ ಹೆಚ್ಚಿನ ಕಡೆ ನೀರು ಕೆಲವೇ ಗಂಟೆ ಬರುತ್ತದೆ. ಲೈನ್ ಖಾಲಿಯಾದಾಗ ಅದೇ ಸಂದಿನಿಂದ ಹೊರಗಿನ ಗಲೀಜು ನೀರು ಒಳಗೆ ಎಳೆದುಕೊಳ್ಳಬಹುದು. ಸೋರಿಕೆಗಿಂತ ಅದು ದೊಡ್ಡ ಅಪಾಯ. ಲೈಸೆನ್ಸ್ ಇರುವ ಪ್ಲಂಬರ್ ಮೂಲಕ ಮುಲುಂಡ್ ಸೇರುವ ಟಿ ವಾರ್ಡಿನ ನಗರಪಾಲಿಕೆ ನೀರಿನ ಕಚೇರಿಗೆ ತಿಳಿಸಿ ಬಿಚ್ಚಿಸಿ.

ಹಳೆ ರಿಂಗ್ ಮರುಬಳಕೆ ಬೇಡ. ಐಎಸ್ 5382 (ರಬ್ಬರ್ ರಿಂಗಿನ ಭಾರತೀಯ ಮಾನದಂಡ) ಗುರುತಿನ ಹೊಸ ರಿಂಗ್, ಪೈಪ್ ಕಂಪನಿಯ ಸಾಕೆಟ್‌ಗೆ ಹೊಂದುವಂಥದ್ದೇ ಆಗಬೇಕು. ಗಾಡಿಯನ್ನು ಬಟ್ಟೆಯಿಂದ ಒರೆಸಿ, ಹಳೆ ಬಣ್ಣದ ಗಂಟು ಕೆರೆದು, ರಿಂಗನ್ನು ಹೃದಯದ ಆಕಾರಕ್ಕೆ ಮಡಚಿ ಒಳಗೆ ಕೂರಿಸಿ. ರಿಂಗಿನ ಗಟ್ಟಿ ಹಿಮ್ಮಡಿ (ಗಡಸು ಅಂಚು) ಗಾಡಿಯಲ್ಲಿ, ಮೆತ್ತನೆಯ ದಪ್ಪ ಭಾಗ ಪೈಪಿನ ಒಳಮುಖಕ್ಕೆ. ಸುತ್ತ ಬೆರಳಾಡಿಸಿ ಎಲ್ಲೂ ಉಬ್ಬಿಲ್ಲ ಎಂದು ನೋಡಿ. ಕೂರಿಸಿದ ಮೇಲೆ ರಿಂಗಿನ ಒಳಮೈಗೂ ಪೈಪಿನ ತುದಿಗೂ ಸಾಬೂನು ನೀರು, ಗಾಡಿಗೆ ಬೇಡ. ಎಣ್ಣೆ, ಗ್ರೀಸ್ ಎರಡೂ ನಿಷಿದ್ಧ.

ಸೈಟಿನಲ್ಲಿ ಕತ್ತರಿಸಿದ ಪೈಪ್ ಆದರೆ ತುದಿಯನ್ನು ಗ್ರೈಂಡರಿನಿಂದ ಇಳಿಜಾರು ಮಾಡಲೇಬೇಕು, ಚೂಪು ಅಂಚು ರಿಂಗನ್ನು ಕತ್ತರಿಸುತ್ತದೆ. ಸೇರಬೇಕಾದ ಆಳದ ಗುರುತು ಹಾಕಿ, ನೇರವಾಗಿ ತಳ್ಳಿ, ಆಮೇಲೆ ತೆಳು ಫೀಲರ್ ತೂರಿಸಿ ಸುತ್ತ ಒಂದೇ ಆಳಕ್ಕೆ ರಿಂಗ್ ತಾಗುತ್ತದೆಯೇ ನೋಡಿ. ಒಂದು ಕಡೆ ಹೆಚ್ಚು ಆಳಕ್ಕೆ ಹೋದರೆ ರಿಂಗ್ ಜಾರಿದೆ, ಎಳೆದು ಮತ್ತೆ ಮಾಡಿ.

ಮೀಟರ್ ಹತ್ತಿರ ಬೆಂಡ್ ಇದೆಯೇ ನೋಡಿಕೊಳ್ಳಿ. ಈ ರಿಂಗ್ ನೀರು ತಡೆಯುತ್ತದೆ, ಪೈಪ್ ಕಳಚಿಕೊಳ್ಳುವುದನ್ನು ತಡೆಯುವುದಿಲ್ಲ. 100 ಎಂಎಂ ಡಿಐಗೆ 6 ಕೆಜಿ ಒತ್ತಡದಲ್ಲಿ 90 ಡಿಗ್ರಿ ಬೆಂಡನ್ನು ಹೊರಕ್ಕೆ ನೂಕುವ ಬಲ ಸುಮಾರು 900 ಕಿಲೋ. ಬೆಂಡಿನ ಬೆನ್ನಿಗೆ ಕದಲದ ನೆಲಕ್ಕೆ ಒರಗಿಸಿದ ಕಾಂಕ್ರೀಟ್ ಬ್ಲಾಕ್ ಇಲ್ಲದಿದ್ದರೆ ಹೊಸ ರಿಂಗೂ ಮೆಲ್ಲಗೆ ಹೊರಬರುತ್ತದೆ.

ಹೆಚ್ಚುವರಿ ರಿಂಗ್ ತಂದರೆ ಮೊಳೆಗೆ ನೇತುಹಾಕಬೇಡಿ, ಒಂದೇ ಕಡೆ ಎಳೆದು ಆಕಾರ ಕೆಡುತ್ತದೆ. ಪಂಪ್ ರೂಮಿನಲ್ಲೂ ಇಡಬೇಡಿ, ಮೋಟರಿನ ಕಿಡಿಯಿಂದ ಬರುವ ಓಝೋನ್ ರಬ್ಬರಿಗೆ ಆಗದು. ಕಪ್ಪು ಚೀಲದಲ್ಲಿ ಸುತ್ತಿ ಸೊಸೈಟಿ ಆಫೀಸಿನ ಕಪಾಟಿನಲ್ಲಿ ಚಪ್ಪಟೆಯಾಗಿ ಇಡಿ.