ನಲ್ಲಿಯಲ್ಲಿ ಮತ್ತೆ ಮೋರಿ ನೀರು, ಎಲ್ಲರೂ ಓದಿ

ಕೊನೆ ಮನೆ, 4ನೇ ಕ್ರಾಸ್: ರಾತ್ರಿ ಒಂದೂವರೆಗೆ ನೀರು ಬಿಟ್ಟರು. ಸಂಪಿನ ಮುಚ್ಚಳ ತೆಗೆದರೆ ಮೋರಿ ವಾಸನೆ! ಮಗು ಬೆಳಗಿನವರೆಗೂ ವಾಂತಿ ಮಾಡಿತು. ಮತ್ತೆ ಅದೇ ಪೈಪ್ ತಾನೇ? ಇನ್ನು ಸುಮ್ನಿರಲ್ಲ.

ಮಾಜಿ ಕಾರ್ಯದರ್ಶಿ: ನಮ್ಮನೆ ಟಿಡಿಎಸ್ ಮೀಟರ್ 410 ತೋರಿಸ್ತಿದೆ. 500ರ ಒಳಗಿದೆ, ನೀರು ಚೆನ್ನಾಗೇ ಇದೆ. ಸಂಪು ತೊಳೆಸಿ ಅಮ್ಮಾ.

ಲ್ಯಾಬ್ ಅಕ್ಕ, 2ನೇ ಕ್ರಾಸ್: ಸಾರ್, ಆ ಮೀಟರ್ ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ನೋಡಿ ಉಪ್ಪಿನ ಲೆಕ್ಕ ಹೇಳುತ್ತದೆ, ಅಷ್ಟೇ. ರೋಗಾಣು ಅದಕ್ಕೆ ಕಾಣಲ್ಲ. ನಮ್ಮ ಕೋಲಾರದ ಬೋರ್‌ವೆಲ್‌ಗಳ ಫ್ಲೋರೈಡ್ ಲೀಟರ್‌ಗೆ 1.5 ಮಿಲಿಗ್ರಾಂ ಮಿತಿ ದಾಟಿದ್ದರೂ ಅದರಲ್ಲಿ ಗೊತ್ತಾಗಲ್ಲ. ಈಗ ನೋಡಬೇಕಾದ್ದು ರೋಗಾಣು ಕೊಲ್ಲೋಕೆ ಹಾಕುವ ಕ್ಲೋರಿನ್; ಮೋರಿ ನೀರು ಸೇರಿದರೆ ಅದು ಖರ್ಚಾಗಿ ಕಡಿಮೆಯಾಗುತ್ತೆ. ನಲ್ಲಿಗೆ ಬಂದಾಗ ಲೀಟರ್‌ಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ನೀರು ಬಿಟ್ಟಾಗ ಕ್ರಾಸಿಗೊಬ್ಬರು ಒಂದೇ ಹೊತ್ತಿಗೆ ನೋಡಿ ಇಲ್ಲಿ ಹಾಕಿದರೆ, ಎಲ್ಲಿಂದ ಮುಂದೆ ಅಂಕಿ ದಿಢೀರ್ ಇಳಿಯುತ್ತೋ ಆ ಜಾಗದಲ್ಲಿ ಮೊದಲು ಅಗೆಸಬಹುದು. ಒಂದೇ ಮನೆ ಅಂಕಿಯಿಂದ ಇದು ಸಿಗಲ್ಲ.

ಮೂಲೆ ಮನೆ: ಪಕ್ಕದ ಬಡಾವಣೆಯವರು ಟ್ಯಾಂಕಿಗೆ ಸೆನ್ಸರ್ ಹಾಕಿಸಿದ್ದಾರೆ, ಕ್ಲೋರಿನ್ ಅಂಕಿ ಮೊಬೈಲಿಗೇ ಬರುತ್ತೆ. ನಮಗೂ ಅದೇ ಟ್ಯಾಂಕ್ ಅಲ್ವಾ? ಅಂಕಿ ಕೊಡ್ತಾರಂತೆ, ನಮ್ಮದನ್ನೂ ಕೊಡಿ ಅಂತಾರೆ.

ಮಾಜಿ ಕಾರ್ಯದರ್ಶಿ: ಬೇಡವೇ ಬೇಡ! ಊರಿಗೆಲ್ಲ ಗೊತ್ತಾದರೆ ಸೈಟ್ ರೇಟ್ ಬೀಳುತ್ತೆ. ಇದೆಲ್ಲ ಬೆಂಗಳೂರಿನ ಕೊಳಚೆ ಶುದ್ಧೀಕರಿಸಿ ಕಳಿಸೋ ಕೆ.ಸಿ. ವ್ಯಾಲಿ ನೀರಿಂದ.

ಲ್ಯಾಬ್ ಅಕ್ಕ: 2018ರಿಂದ ಆ ನೀರು ಬರ್ತಿರೋದು ಕೆರೆಗಳಿಗೆ ಸಾರ್, ಅಂತರ್ಜಲ ತುಂಬಿಸೋಕೆ. ನಲ್ಲಿಗಲ್ಲ. ಸಪ್ಲೈ ನಿಂತಾಗ ಖಾಲಿ ಪೈಪು ಬಿರುಕಿನಿಂದ ಮೋರಿ ನೀರು ಎಳೆದುಕೊಳ್ಳುತ್ತೆ.

1ನೇ ಕ್ರಾಸ್: ಯುಜಿಡಿಗೆ (ಒಳಚರಂಡಿಗೆ) ಅಗೆದಾಗಲೇ ಪೈಪಿಗೆ ಏಟು ಬಿದ್ದಿದ್ದು. ನಿಂತು ನೋಡ್ಕೊಳ್ತೀನಿ ಅಂದಿದ್ದು ಯಾರು?

ಮಾಜಿ ಕಾರ್ಯದರ್ಶಿ: ನನ್ನ ತಂಟೆಗೆ ಬರಬೇಡಿ. ಮೋರಿ ಮೇಲೆ ಕಟ್ಟಿದ ನಿಮ್ಮ ಕಾರಿನ ಇಳಿಜಾರು ಮೊದಲು ಒಡೆಸಿ.

ಮಹಡಿ ಮನೆ: 🙏 ಶುಭೋದಯ. ತಾಮ್ರದ ಚೊಂಬಿನ ನೀರು ಕುಡಿಯಿರಿ, ಸಕಲ ರೋಗ ಮಾಯ. ಹತ್ತು ಜನಕ್ಕೆ ಕಳಿಸಿ 🌹

ಮೂಲೆ ಮನೆ: ಹಾಲಿಗೂ ಒಂದು ಸೆನ್ಸರ್ ಹಾಕಿಸೋಣ 😄

ಕೊನೆ ಮನೆ: ಮಗುವಿಗೆ ಡ್ರಿಪ್ಸ್ ಹಾಕಿದ್ದಾರೆ. ಇವತ್ತು ರಾತ್ರಿ ಯಾರು ನೋಡ್ತೀರಿ, ಅದು ಹೇಳಿ.

ಲ್ಯಾಬ್ ಅಕ್ಕ: ಕಿಟ್ ನಾನು ತರ್ತೀನಿ, ಎಲ್ಲರಿಗೂ ಒಂದೇ ಥರದ್ದು. ಇಲ್ಲದಿದ್ದರೆ ಅಂಕಿಗಳು ಹೊಂದಲ್ಲ. ಕ್ರಾಸಿಗೊಬ್ಬರು ಹೆಸರು ಕೊಡಿ.

1ನೇ ಕ್ರಾಸ್: ಆ ಹೊತ್ತಲ್ಲಿ ಹೊರಗೆ ಬರೋದಾ? ವಾಲ್ವ್ ಹತ್ತಿರ ದೀಪವೇ ಇಲ್ಲ, ನಾಯಿಗಳು ಬೇರೆ.

ಮಾಜಿ ಕಾರ್ಯದರ್ಶಿ: ಹೌದು, ಮೊದಲು ದೀಪ. ಭಾನುವಾರ ಪಾರ್ಕಿನಲ್ಲಿ ಸೇರೋಣ, ಅರ್ಜಿ ನಾನು ಬರೀತೀನಿ.

ಮಹಡಿ ಮನೆ: 👍 3ನೇ ಕ್ರಾಸಿನ ದೀಪವೂ ಸೇರಿಸಿ.