31ರ ಸಂಜೆ ಮಕ್ಕಳನ್ನು ಕಳಿಸೋದಾ, ಬೇಡ್ವಾ?

ಗುಂಪು: ಅಜ್ಜಿ ಮನೆ ಬಳಗ

ಶೀಲಾ: [ಚಿತ್ರ] ನಮ್ಮ ಅಪಾರ್ಟ್‌ಮೆಂಟ್ ಗುಂಪಲ್ಲಿ ಬಂದ ಪೋಸ್ಟರ್ ಇದು. ಅಕ್ಟೋಬರ್ 31 ಶನಿವಾರ, ಸಂಜೆ 6ರಿಂದ 8, ಹ್ಯಾಲೋವೀನ್. ಮಕ್ಕಳು ವೇಷ ಹಾಕ್ಕೊಂಡು ಮನೆಮನೆಗೆ ಬರ್ತಾರಂತೆ. ಪ್ರತಿ ಮನೆಯವರು 50 ಚಾಕೊಲೇಟ್ ಇಟ್ಕೊಂಡಿರಬೇಕಂತೆ. ನಾಳೆಯೊಳಗೆ ಹೆಸರು ಕೊಡಬೇಕು. ಕಳಿಸೋದಾ, ಬೇಡ್ವಾ? ಸರಿಯಾಗಿ ಗೊತ್ತಿರೋರು ಹೇಳಿ.

ಫಿಲೋಮಿನಾ ದೊಡ್ಡಮ್ಮ: ಬೇಡ ಕಣೇ. ಧರ್ಮೋಪದೇಶಕಾಂಡ 18:10-12 ತೆಗೆದು ಓದು. ಕಣಿ ಕೇಳೋದು, ಮಾಟ ಮಾಡೋದು, ಸತ್ತವರ ಹತ್ತಿರ ವಿಚಾರಿಸೋದು ದೇವರಿಗೆ ಅಸಹ್ಯ ಅಂತ ನೇರವಾಗೇ ಇದೆ. ಅದನ್ನೇ ಆಟ ಮಾಡಿ ಮಕ್ಕಳ ಕೈಗೆ ಕೊಡ್ತಿದ್ದಾರೆ.

ಫಿಲೋಮಿನಾ ದೊಡ್ಡಮ್ಮ: [ಫಾರ್ವರ್ಡ್] ಎಚ್ಚರ! ಅಕ್ಟೋಬರ್ 31 ಸೈತಾನನ ಹುಟ್ಟುಹಬ್ಬ. ಸೌವಿನ್ ಎಂಬ ಸಾವಿನ ದೇವತೆಗೆ ಬಲಿ ಕೊಡುವ ರಾತ್ರಿ. ಅಮೆರಿಕದಲ್ಲಿ ಪ್ರತಿ ವರ್ಷ ಮಿಠಾಯಿಯಲ್ಲಿ ವಿಷ ಹಾಕುತ್ತಾರೆ. ಹತ್ತು ಕ್ರೈಸ್ತರಿಗೆ ಕಳಿಸಿ.

ಅಂತೋಣಿ ಮಾವ: ಅಕ್ಕ, ನೀನು ಕೊಟ್ಟ ವಾಕ್ಯ ಸರಿ, ಆದ್ರೆ ಫಾರ್ವರ್ಡ್ ಪೂರ್ತಿ ತಪ್ಪು. ಸೈತಾನನಿಗೆ ಹುಟ್ಟುಹಬ್ಬ ಅನ್ನೋದು ಬೈಬಲ್ಲಲ್ಲೂ ಇಲ್ಲ, ಕ್ರೈಸ್ತ ಸಭೆಯ ಬೋಧನೆಯಲ್ಲೂ ಇಲ್ಲ. ಸೌವಿನ್ ಯಾವ ದೇವತೆಯೂ ಅಲ್ಲ. ಐರ್ಲೆಂಡಿನವರಿಗೆ ಸುಗ್ಗಿ ಮುಗಿದು ಚಳಿಗಾಲ ಶುರುವಾಗೋ ಹಬ್ಬ ಅದು. ವಿಷದ ಮಾತಿಗೆ ಆಧಾರ ಅಂತ ಎಲ್ಲರೂ ತೋರಿಸೋದು 1974ರ ಟೆಕ್ಸಾಸ್ ಪ್ರಕರಣ. ಅಲ್ಲಿ ಹುಡುಗನಿಗೆ ವಿಷ ಕೊಟ್ಟದ್ದು ಅವನ ಸ್ವಂತ ಅಪ್ಪ, ವಿಮೆ ಹಣದ ಆಸೆಗೆ. ಸುಳ್ಳು ಹೇಳಿ ಮಕ್ಕಳನ್ನ ತಡೆದ್ರೆ, ನಾಳೆ ಅವರೇ ಫೋನಲ್ಲಿ ಹುಡುಕಿ ನೋಡಿ ನಮ್ಮ ನಿಜವಾದ ಮಾತನ್ನೂ ನಂಬಲ್ಲ. ಆ ಫಾರ್ವರ್ಡ್ ಅಳಿಸಿಬಿಡು.

ಫಿಲೋಮಿನಾ ದೊಡ್ಡಮ್ಮ: ಅಳಿಸ್ತೀನಿ. ಆದ್ರೆ ನನ್ನ ಮಾತು ಹಿಂದೆ ತಗೊಳಲ್ಲ. ರಕ್ತ, ತಲೆಬುರುಡೆ, ಮಾಟಗಾತಿ ವೇಷ ಹಾಕಿಸೋದ್ರಲ್ಲಿ ಕ್ರಿಸ್ತನ ಮಕ್ಕಳಿಗೆ ಏನು ಕೆಲಸ?

ಡೇವಿಡ್ ಭಾವ: ದೊಡ್ಡಮ್ಮ, ಪೌಲ ಇದಕ್ಕೆ ದಾರಿ ತೋರಿಸಿದ್ದಾನೆ. 1 ಕೊರಿಂಥ 10:25-28 ನೋಡಿ. ಮಾರ್ಕೆಟ್ಟಲ್ಲಿ ಮಾರೋ ಮಾಂಸವನ್ನ ವಿಚಾರಣೆ ಮಾಡದೆ ತಿನ್ನಿ, ಆದ್ರೆ ಯಾರಾದ್ರೂ 'ಇದು ಬಲಿ ಕೊಟ್ಟದ್ದು' ಅಂತ ಹೇಳಿದ್ರೆ ಹೇಳಿದವನ ಮನಸ್ಸಾಕ್ಷಿಗೋಸ್ಕರ ಬಿಡಿ ಅಂತಾನೆ. ಅಂದ್ರೆ ಮಿಠಾಯಿಯಲ್ಲಿ ದೋಷ ಇಲ್ಲ, ನಾವು ಅದರಲ್ಲಿ ಏನಕ್ಕೆ ಒಪ್ಪಿಗೆ ಕೊಡ್ತಿದ್ದೀವಿ ಅನ್ನೋದು ಮುಖ್ಯ. ಬೆಂಗಳೂರಲ್ಲಿ ಪಕ್ಕದ ಮನೆ ದೀಪಾವಳಿ ಸಿಹಿ ಬಂದಾಗ ನಾವೆಲ್ಲ ಹೀಗೇ ಯೋಚನೆ ಮಾಡ್ತೀವಲ್ಲ? ರೋಮಾಪುರ 14ನೇ ಅಧ್ಯಾಯ ಇದನ್ನ ಇನ್ನೂ ಬಿಡಿಸಿ ಹೇಳುತ್ತೆ: ಒಬ್ಬ ಒಂದು ದಿನವನ್ನ ವಿಶೇಷ ಅಂತಾನೆ, ಇನ್ನೊಬ್ಬ ಎಲ್ಲಾ ದಿನವೂ ಒಂದೇ ಅಂತಾನೆ, ಇಬ್ಬರೂ ಒಬ್ಬರನ್ನೊಬ್ಬರು ತೀರ್ಪು ಮಾಡಬಾರದು.

ಅಂತೋಣಿ ಮಾವ: ಡೇವಿಡ್, ಅದು ತಿನ್ನೋ ವಿಷಯಕ್ಕೆ ಸರಿ. ಕೂತು ಸತ್ತವರನ್ನ ಕರೆಯೋ ಆಟಕ್ಕೆ ಸರಿ ಇಲ್ಲ. ಗೆರೆ ಎಲ್ಲಿ ಎಳೀಬೇಕು ಅಂದ್ರೆ, ಅಕ್ಷರದ ಹಲಗೆ ಇಟ್ಟು ಆತ್ಮ ಕರೆಯೋದು, ಭವಿಷ್ಯದ ಕಾರ್ಡು, ಕತ್ತಲೆ ಕೋಣೆ ಮಾಡಿ ಮಕ್ಕಳನ್ನ ಬೆಚ್ಚಿಬೀಳಿಸೋದು, ಇವು ಮೂರೂ ಬೇಡವೇ ಬೇಡ. ಅಪಾರ್ಟ್‌ಮೆಂಟಿನವರು ಇದರಲ್ಲಿ ಯಾವುದಾದರೂ ಇಟ್ಟಿದ್ದಾರಾ ಅಂತ ಶೀಲಾ ಮೊದಲು ಕೇಳಬೇಕು. ಬರೀ ಚಾಕೊಲೇಟ್, ವೇಷ ಅಂದ್ರೆ ಮಾತು ಬೇರೆ.

ಅಂತೋಣಿ ಮಾವ: ಆದ್ರೆ ನನ್ನ ಮುಖ್ಯ ಸಂಕಟ ಅದಲ್ಲ. ಆ ಸಂಜೆ ನಮ್ಮದಾಗಿತ್ತು, ಸಕಲ ಸಂತರ ಹಬ್ಬದ ಮುನ್ನಾದಿನ. 609ರ ಸುಮಾರಿಗೆ ನಾಲ್ಕನೇ ಬೋನಿಫೇಸ್ ಪೋಪ್ ರೋಮಿನ ಪಾಂಥಿಯಾನ್ ದೇವಾಲಯವನ್ನ ಮಾತೆ ಮರಿಯಳಿಗೂ ಹುತಾತ್ಮರಿಗೂ ಅರ್ಪಿಸಿದ್ದು ಮೇ 13ರಂದು. 8ನೇ ಶತಮಾನದಲ್ಲಿ ಮೂರನೇ ಗ್ರೆಗರಿ ಪೋಪ್ ಸಕಲ ಸಂತರ ಹೆಸರಲ್ಲಿ ಒಂದು ಪ್ರಾರ್ಥನಾಲಯ ಅರ್ಪಿಸಿದ್ರು. 835ರ ಹೊತ್ತಿಗೆ ಫ್ರಾಂಕರ ನಾಡಲ್ಲೆಲ್ಲ, ಅಂದ್ರೆ ಈಗಿನ ಫ್ರಾನ್ಸ್, ಜರ್ಮನಿ ಕಡೆ, ಸಕಲ ಸಂತರ ಹಬ್ಬ ನವೆಂಬರ್ 1ಕ್ಕೆ ನಿಂತಿತು. ಫ್ರಾನ್ಸಿನ ಕ್ಲುನಿ ಮಠದ ಮುಖ್ಯಸ್ಥ ಒದಿಲೋ ನವೆಂಬರ್ 2ನ್ನ ಸತ್ತವರಿಗಾಗಿ ಮೀಸಲಿಟ್ಟದ್ದು 10ನೇ ಶತಮಾನದ ಕೊನೆಗೆ. 31 ಇವೆರಡರ ಮುಂಚಿನ ಜಾಗರಣೆ, ಉಪವಾಸದ ದಿನ. 1955ರಲ್ಲಿ ರೋಮಿನವರು ಪಂಚಾಂಗ ಸರಳ ಮಾಡುವಾಗ ಆ ಜಾಗರಣೆಯನ್ನ ತೆಗೆದುಬಿಟ್ರು. ಖಾಲಿ ಬಿಟ್ಟ ಮನೆಗೆ ಬೇರೆಯವರು ಬಂದು ಸೇರ್ಕೊಂಡ್ರು, ಅಷ್ಟೇ. ಬೈದು ಪ್ರಯೋಜನ ಇಲ್ಲ, ನಾವು ಮತ್ತೆ ಬಂದು ದೀಪ ಹಚ್ಚಬೇಕು.

ಡೇವಿಡ್ ಭಾವ: ಮಾವ, ಪ್ರೊಟೆಸ್ಟಂಟರಾದ ನಮಗೂ ಆ ದಿನ ಬೇಕು. ನಮ್ಮ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ತನ್ನ 95 ವಾದಗಳನ್ನ ಆರ್ಚ್‌ಬಿಷಪ್ಪರಿಗೆ ಕಳಿಸಿದ್ದು 1517ರ ಅಕ್ಟೋಬರ್ 31ರಂದೇ. ವಿಟ್ಟೆನ್‌ಬರ್ಗಿನಲ್ಲಿ ಅವುಗಳನ್ನ ಅಂಟಿಸಿದ ಅಂತ ಹೇಳೋ ಚರ್ಚಿನ ಹೆಸರೇ ಸಕಲ ಸಂತರ ಚರ್ಚು.

ಜೋಯಲ್: ಶೀಲಕ್ಕ, ನಮ್ಮ ಪ್ಯಾರಿಷ್ ಚರ್ಚಲ್ಲಿ ಆ ಶನಿವಾರ ಸಂತರ ಸಂಜೆ ಇದೆ, ಮಕ್ಕಳು ಸಂತರ ವೇಷ ಹಾಕ್ತಾರೆ. 31 ಶನಿವಾರ ಆದ್ದರಿಂದ ಸಂಜೆ ಪೂಜೆಯೇ ಮಾರನೇ ದಿನದ ಸಕಲ ಸಂತರ ಹಬ್ಬದ ಪೂಜೆ. ಅದು ಮುಗಿದ ಮೇಲೆ ಒಂದೂವರೆ ಗಂಟೆ. ಮಕ್ಕಳನ್ನ ಅಲ್ಲಿಗೆ ಕರ್ಕೊಂಡು ಬಾ.

ಫಿಲೋಮಿನಾ ದೊಡ್ಡಮ್ಮ: ಅದೇ ದಿನ, ಅದೇ ವೇಷ, ಅದೇ ಚಾಕೊಲೇಟ್. ಮಾಟಗಾತಿ ಟೋಪಿ ತೆಗೆದು ಮುಸುಕು ಹಾಕಿದ್ರೆ ಹಬ್ಬ ಬದಲಾಗುತ್ತಾ ಜೋಯಲ್?

ಜೋಯಲ್: ಕೇಳೋದು ಸರಿ ದೊಡ್ಡಮ್ಮ. ಪ್ರಾರ್ಥನೆ ಇಲ್ಲದೆ ಬರೀ ವೇಷದ ಸ್ಪರ್ಧೆ ಆದ್ರೆ ಬದಲಾಗಲ್ಲ. ಅದಕ್ಕೇ ಪೂಜೆ ಮೊದಲು, ವೇಷ ಆಮೇಲೆ, ಬಹುಮಾನ ಇಲ್ಲ. ಪ್ರತಿ ಮಗು ಮೂರು ವಾಕ್ಯ ಹೇಳಬೇಕು: ನಾನು ಯಾರು, ಏನು ಮಾಡಿದೆ, ನಮಗಾಗಿ ಪ್ರಾರ್ಥಿಸಿ. 40 ಮಕ್ಕಳಿಗೆ ಎರಡೆರಡು ನಿಮಿಷ ಕೊಟ್ರೆ 80 ನಿಮಿಷ, ಚಿಕ್ಕವರು ಅಳೋಕೆ ಶುರು ಮಾಡ್ತಾರೆ. 30 ಸೆಕೆಂಡ್ ಅಂದ್ರೆ 20 ನಿಮಿಷದಲ್ಲಿ ಮುಗಿಯುತ್ತೆ. ಐದೈದು ಮಕ್ಕಳನ್ನ ಒಟ್ಟಿಗೆ ನಿಲ್ಲಿಸಬೇಕು, ಮೈಕ್ ಒಬ್ಬ ದೊಡ್ಡವರ ಕೈಲೇ ಇರಬೇಕು.

ಶೀಲಾ: ವೇಷಕ್ಕೆ ಏನು ಮಾಡೋದು? ಬಾಡಿಗೆಗೆ ತರೋಕೆ ಇಷ್ಟ ಇಲ್ಲ.

ಜೋಯಲ್: ಬಾಡಿಗೆ ಬೇಡ ಅಕ್ಕ. ಚಿಕ್ಕವಳಿಗೆ ಕಲ್ಕತ್ತಾದ ತೆರೆಸಾ. ಬಿಳಿ ಕಾಟನ್ ಬಟ್ಟೆ 3 ಮೀಟರ್, ನೀಲಿ ರಿಬ್ಬನ್ ಮೂರು ಸಾಲು, ಹೊರಗಿನ ಸಾಲು ಅಗಲ, ಒಳಗಿನ ಎರಡು ಸಣ್ಣವು. ಗೋಂದು ಹಚ್ಚಬೇಡ, ಮಗು ಸೆರಗು ಎಳೆದ ತಕ್ಷಣ ಕಿತ್ತು ಬರುತ್ತೆ. ಉದ್ದ ಹೊಲಿಗೆ ಹಾಕು, ಆಮೇಲೆ ಬಿಚ್ಚಬಹುದು. ದೊಡ್ಡವನಿಗೆ ಕಾರ್ಲೋ ಅಕ್ಯುಟಿಸ್. ಜೀನ್ಸ್, ಕೆಂಪು ಟೀಶರ್ಟ್, ಬೆನ್ನಿಗೆ ಬ್ಯಾಗು. 15 ವರ್ಷಕ್ಕೆ ತೀರಿಹೋದ ಹುಡುಗ, 2025ರ ಸೆಪ್ಟೆಂಬರ್ 7ರಂದು ಸಂತ ಪದವಿ. ನಮ್ಮ ದೇಶದವರೇ ಬೇಕು ಅಂದ್ರೆ 18ನೇ ಶತಮಾನದ ಹುತಾತ್ಮ ದೇವಸಹಾಯಂ ಇದ್ದಾರೆ, ಬಿಳಿ ಪಂಚೆ, ಕೈಗೆ ಕಪ್ಪು ಕಾಗದದ ಸರಪಳಿ. ಗೋವಾದ ಪಾದ್ರಿ ಜೋಸೆಫ್ ವಾಜ್ ಆದ್ರೆ ಶ್ರೀಲಂಕಾಕ್ಕೆ ಹೋಗೋ ಮುಂಚೆ ನಮ್ಮ ಕೆನರಾ ಸೀಮೆಯಲ್ಲೇ ಸೇವೆ ಮಾಡಿದವರು. ಮಕ್ಕಳಿಗೆ ಅವರ ಹೆಸರೇ ಗೊತ್ತಿರಲ್ಲ.

ಜೋಯಲ್: ಇನ್ನೊಂದು. ಹುಡುಗರು ಹುತಾತ್ಮರನ್ನೇ ಆರಿಸಿ ತಟ್ಟೆಯಲ್ಲಿ ಕಣ್ಣು, ಕುತ್ತಿಗೆಗೆ ಕೆಂಪು ಬಣ್ಣ ಅಂತ ಶುರು ಮಾಡ್ತಾರೆ. ಕೈಯಲ್ಲಿ ತಾಳೆಗರಿ ಕೊಟ್ರೆ ಸಾಕು, ಹುತಾತ್ಮರ ಗುರುತೇ ಅದು. ತಲೆ ಮೇಲಿನ ಪ್ರಭೆಯನ್ನ ತಂತಿಯಲ್ಲಿ ಮಾಡಿದ್ರೆ ಪಕ್ಕದ ಮಗುವಿನ ಕಣ್ಣಿಗೆ ತಾಗುತ್ತೆ, ರಟ್ಟಲ್ಲಿ ಕತ್ತರಿಸಿ ಹೇರ್‌ಬ್ಯಾಂಡಿಗೆ ಹೊಲಿಯಿರಿ. ಮೆರವಣಿಗೆಗೆ ಬ್ಯಾಟರಿ ಮೇಣದಬತ್ತಿ ಮಾತ್ರ. ಪಾಲಿಯೆಸ್ಟರ್ ಬಟ್ಟೆ ಬೆಂಕಿ ತಾಗಿದ್ರೆ ಕರಗಿ ಚರ್ಮಕ್ಕೆ ಅಂಟುತ್ತೆ. ಅಂಗಿ ಕಣಕಾಲಿಗಿಂತ ಮೇಲಿರಲಿ.

ಶೀಲಾ: ಹ್ಯಾಲೋವೀನಿಗೆ ಮಾಡೋ ಹಾಗೆ ಕುಂಬಳಕಾಯಿ ಕೆತ್ತೋ ಆಸೆ ಮಕ್ಕಳಿಬ್ಬರಿಗೂ.

ಫಿಲೋಮಿನಾ ದೊಡ್ಡಮ್ಮ: ಮುಖ ಕೆತ್ತಿ ಬಾಗಿಲಿಗೆ ಇಟ್ರೆ ಅಕ್ಕಪಕ್ಕದವರು ಏನು ಅಂದ್ಕೋತಾರೆ? ಬೆಂಗಳೂರಲ್ಲಿ ಕಟ್ಟೋ ಮನೆಗೆಲ್ಲ ರಾಕ್ಷಸ ಮುಖ ಬರೆದ ಬೂದುಗುಂಬಳ ನೇತಾಕಿರ್ತಾರೆ. ನಮ್ಮ ಮನೆಯವರೂ ದೃಷ್ಟಿಗೆ ಕಟ್ಟಿದ್ದಾರೆ ಅಂತಾರೆ.

ಜೋಯಲ್: ನಿಜ. ಮುಖ ಬೇಡ, ಶಿಲುಬೆ ಅಥವಾ ನಕ್ಷತ್ರ ಕೆತ್ತಿ. ನಮ್ಮ ಸಿಹಿಗುಂಬಳಕ್ಕೆ ತಿರುಳು ದಪ್ಪ, 3 ಕೆಜಿಯದ್ದು ತಗೊಂಡು ಮೇಲಿಂದಲ್ಲ, ತಳದಿಂದ ಕತ್ತರಿಸಿ, ಆಗ ಮೇಲ್ಭಾಗ ಕುಸಿಯಲ್ಲ. ಕೆತ್ತೋ ಕಡೆ ಗೋಡೆ 2 ಸೆಂಟಿಮೀಟರಿಗೆ ಬರೋವರೆಗೂ ಕೆರೆಯಬೇಕು, ಇಲ್ಲಾಂದ್ರೆ ಚಾಕು ಸಿಕ್ಕಿ ಜಾರುತ್ತೆ. ಚಾಕು ದೊಡ್ಡವರ ಕೈಲಿ. ತಿರುಳಲ್ಲಿ ಪಲ್ಯ ಆಗುತ್ತೆ. 31ರ ಬೆಳಿಗ್ಗೆಯೇ ಕೆತ್ತಿ, ಎರಡು ದಿನಕ್ಕೆಲ್ಲ ಬೂಸ್ಟು ಹಿಡಿಯುತ್ತೆ.

ಶೀಲಾ: ಸರಿ, ನಾವು ಚರ್ಚಿಗೆ ಬಂದ್ವಿ ಅಂತಿಟ್ಕೊಳ್ಳಿ. 50 ಮಕ್ಕಳು ಬಂದು ಬೆಲ್ ಒತ್ತಿದ್ರೆ? ಅತ್ತೆ ಒಬ್ಬರೇ ಮನೇಲಿರ್ತಾರೆ. ದೀಪ ಆರಿಸಿ ಕೂತ್ಕೊಳ್ಳಿ ಅನ್ನೋಕೆ ಮನಸ್ಸಿಲ್ಲ.

ಅಂತೋಣಿ ಮಾವ: ದೀಪ ಆರಿಸಬೇಡಮ್ಮ. ನೆರೆಮನೆ ಮಗು ಬಾಗಿಲಿಗೆ ಬಂದಾಗ ಕೊಡೋದು ಅತಿಥಿ ಸತ್ಕಾರ, ಪೂಜೆ ಅಲ್ಲ. ಅತ್ತೆಗೆ ಕಷ್ಟ ಅಂದ್ರೆ ಬಾಗಿಲ ಮುಂದೆ ಸ್ಟೂಲ್ ಇಟ್ಟು ಡಬ್ಬಿಯಲ್ಲಿ ಇಡಿ, 'ಒಂದೊಂದು ತಗೊಳ್ಳಿ ಮಕ್ಕಳೇ' ಅಂತ ಬರೆದು. ಕಡಲೆ ಚಿಕ್ಕಿ ಬೇಡ, ಕಡಲೆಕಾಯಿ ಅಲರ್ಜಿ ಇರೋ ಮಕ್ಕಳಿರ್ತಾರೆ. ಗಟ್ಟಿ ಮಿಠಾಯಿಯೂ ಬೇಡ, ಚಿಕ್ಕವರ ಗಂಟಲಿಗೆ ಸಿಕ್ಕುತ್ತೆ. ಮನೇಲಿ ಮಾಡಿದ್ದನ್ನ ಇಟ್ರೆ ಬೇರೆ ತಾಯಂದಿರು ಎಸೀತಾರೆ, ಪ್ಯಾಕೆಟ್ಟಲ್ಲಿರೋದನ್ನೇ ಕೊಡಿ.

ಫಿಲೋಮಿನಾ ದೊಡ್ಡಮ್ಮ: ಇದಕ್ಕೆ ನಾನು ಒಪ್ತೀನಿ. ಬಂದ ಮಗುವನ್ನ ಬರಿಗೈಲಿ ಕಳಿಸಬಾರದು.

ಅಂತೋಣಿ ಮಾವ: ಅಪಾರ್ಟ್‌ಮೆಂಟ್ ಸಂಘದವರನ್ನ ಇನ್ನೊಂದು ಕೇಳು ಶೀಲಾ. ಮಾರನೇ ದಿನ ನವೆಂಬರ್ 1, ರಾಜ್ಯೋತ್ಸವ. ಹ್ಯಾಲೋವೀನಿಗೆ ಇಷ್ಟು ದೊಡ್ಡ ಪೋಸ್ಟರ್ ಹಾಕಿದವರು ಅದಕ್ಕೂ ಹಾಕಿದ್ದಾರಾ? ಭುವನೇಶ್ವರಿ ಚಿತ್ರ, ನಾಡಗೀತೆ, ಧ್ವಜ, ಇಷ್ಟಾದ್ರೂ ಇರಲಿ. ಧ್ವಜಾರೋಹಣ ಬೆಳಿಗ್ಗೆ ಇಟ್ರೆ ನಮ್ಮ ಮಕ್ಕಳು ಅದಕ್ಕೂ ನಿಲ್ಲಬಹುದು, ಶನಿವಾರವೇ ಪೂಜೆ ಆಗಿರುತ್ತಲ್ಲ.

ಶೀಲಾ: ಹಾಕಿಲ್ಲ ಮಾವ. ಈಗಲೇ ಕೇಳ್ತೀನಿ.

ಫಿಲೋಮಿನಾ ದೊಡ್ಡಮ್ಮ: 31ರ ಬಗ್ಗೆ ಇಷ್ಟೊಂದು ಮಾತಾಡ್ತಿದ್ದೀರಿ, ಸತ್ತವರ ದಿನ ನವೆಂಬರ್ 2ಕ್ಕೆ ಅಪ್ಪ ಅಮ್ಮನ ಸಮಾಧಿಗೆ ಯಾರು ಹೋಗ್ತೀರಿ? ಮಕ್ಕಳಿಗೆ ಸಾವಿನ ಬಗ್ಗೆ ಕಲಿಸಬೇಕು ಅಂದ್ರೆ ಅಲ್ಲಿಗೆ ಕರ್ಕೊಂಡು ಹೋಗಿ. ಸೋಮವಾರ ಆದ್ದರಿಂದ ಎಲ್ಲರೂ ಕೆಲಸ ಅಂತೀರಿ. ಸುಣ್ಣ ಹಚ್ಚೋದಂತೂ ಅದಕ್ಕಿಂತ ಮುಂಚೆಯೇ ಆಗಬೇಕು.

ಅಂತೋಣಿ ಮಾವ: ಶುಕ್ರವಾರ 30ಕ್ಕೆ ಹಚ್ಚೋಣ ಅಕ್ಕ. ಒಂದು ಸಮಾಧಿಗೆ 1 ಕೆಜಿ ಸುಟ್ಟ ಸುಣ್ಣದ ಕಲ್ಲು, 5 ಲೀಟರ್ ನೀರು. ಗುರುವಾರವೇ ನೆನೆಹಾಕಿ 24 ಗಂಟೆ ಬಿಡಬೇಕು. ನೀರಿಗೆ ಸುಣ್ಣ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು, ಕುದ್ದು ಸಿಡಿಯುತ್ತೆ. ಮಕ್ಕಳು ದೂರ ಇರಲಿ. ಕಬ್ಬಿಣದ ಬಕೆಟ್ ಬೇಕು, ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾಗುತ್ತೆ, ಅಲ್ಯೂಮಿನಿಯಂ ಆದ್ರೆ ಸುಣ್ಣ ತಿನ್ನುತ್ತೆ. ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗೋಂದು ಬೆರೆಸಿ. ಹಚ್ಚೋಕೆ ಮುಂಚೆ ಗಾರೆ ಮೇಲೆ ನೀರು ಚಿಮುಕಿಸಿ, ಒಣ ಗಾರೆ ನೀರೆಲ್ಲ ಹೀರಿಕೊಂಡ್ರೆ ಸುಣ್ಣ ಪುಡಿಯಾಗಿ ಉದುರುತ್ತೆ. ಆ ವಾರ ಹಿಂಗಾರು ಮಳೆ ಬರೋದು ಜಾಸ್ತಿ, ಬೆಳಿಗ್ಗೆಯೇ ಮುಗಿಸಿದ್ರೆ ಸಂಜೆಗೆ ಒಣಗಿರುತ್ತೆ.

ಡೇವಿಡ್ ಭಾವ: ನಮ್ಮ ತಾತನದು ಅಮೃತಶಿಲೆ. ಅದಕ್ಕೂ ಸುಣ್ಣಾನಾ?

ಅಂತೋಣಿ ಮಾವ: ಬೇಡಪ್ಪ. ಅಮೃತಶಿಲೆ, ಗ್ರಾನೈಟಿಗೆ ಬರೀ ನೀರು, ಮೆತ್ತನೆ ಬ್ರಷ್. ಅಮೃತಶಿಲೆಗೆ ನಿಂಬೆಹಣ್ಣು, ಆಸಿಡ್ ತಾಗಿಸಲೇಬಾರದು, ಹೊಳಪು ಹೋಗಿ ಬರೆದ ಹೆಸರೇ ಸವೀತದೆ. ಮೇಣದಬತ್ತಿಯನ್ನ ಕಲ್ಲಿಗೆ ಅಂಟಿಸಬೇಡಿ, ಎಣ್ಣೆ ಕಲೆ ಇಳಿಯುತ್ತೆ. ಹಳೇ ಡಬ್ಬಿಯಲ್ಲಿ ಎರಡು ಬೆರಳು ಮರಳು ಹಾಕಿ ಅದರಲ್ಲಿ ನಿಲ್ಲಿಸಿ, ಗಾಳಿಗೂ ಆರಲ್ಲ.

ಅಂತೋಣಿ ಮಾವ: ಕ್ಯಾಥೊಲಿಕರಿಗೆ ಇನ್ನೊಂದು ಮಾತು. ನವೆಂಬರ್ 1ರಿಂದ 8ರವರೆಗೆ ಸ್ಮಶಾನಕ್ಕೆ ಹೋಗಿ ಸತ್ತವರಿಗಾಗಿ ಪ್ರಾರ್ಥಿಸಿದ್ರೆ ದಿನಕ್ಕೊಂದು ಪರಿಪೂರ್ಣ ಇಂಡಲ್ಜೆನ್ಸ್, ಅಂದ್ರೆ ಕ್ಷಮೆ ಸಿಕ್ಕ ಪಾಪಕ್ಕೆ ಉಳಿದ ಶಿಕ್ಷೆಯಿಂದ ಪೂರ್ತಿ ಬಿಡುಗಡೆ, ಸತ್ತವರಿಗೆ ಮಾತ್ರ ಸಲ್ಲುತ್ತೆ. ಪಾಪನಿವೇದನೆ, ಪರಮಪ್ರಸಾದ, ಪೋಪರ ಉದ್ದೇಶಕ್ಕಾಗಿ ಪ್ರಾರ್ಥನೆ ಬೇಕು. ಸಣ್ಣ ಪಾಪದ ಮೇಲೂ ಆಸೆ ಉಳಿದಿರಬಾರದು. ಆದ್ದರಿಂದ 2ಕ್ಕೇ ಎಲ್ಲರೂ ನುಗ್ಗಬೇಕಾಗಿಲ್ಲ. ಕೆಲಸ ಇರೋರು 7, ಶನಿವಾರ ಹೋಗಿ.

ಡೇವಿಡ್ ಭಾವ: ಮಾವ, ಲೂಥರ್ ಎದ್ದು ನಿಂತದ್ದೇ ಇದರ ಮೇಲೆ. ಕ್ರಿಸ್ತನ ಬಲಿ ಒಂದೇ ಸಾಕು ಅಂತ ನಾನು ನಂಬ್ತೀನಿ. ನಾನು ಸತ್ತವರಿಗಾಗಿ ಪ್ರಾರ್ಥಿಸಲ್ಲ, ಅವರ ಬದುಕಿಗಾಗಿ ದೇವರಿಗೆ ಕೃತಜ್ಞತೆ ಹೇಳ್ತೀನಿ.

ಅಂತೋಣಿ ಮಾವ: ನಿನ್ನ ಆಕ್ಷೇಪ ಗೊತ್ತು. ಲೂಥರ್ ಖಂಡಿಸಿದ, ಹಣಕ್ಕೆ ಇಂಡಲ್ಜೆನ್ಸ್ ಕೊಡೋ ವ್ಯವಹಾರವನ್ನ ಸಭೆ 1567ರಲ್ಲಿ ನಿಲ್ಲಿಸಿತು. ಬೋಧನೆಯಲ್ಲಿ ನಾವಿಬ್ಬರೂ ಈಗಲೂ ಬೇರೆಯೇ, ಅದನ್ನ ಮುಚ್ಚಿಡಲ್ಲ. ನೀನು ಕೃತಜ್ಞತೆ ಹೇಳು, ನಾನು ಜಪಸರ ಹೇಳ್ತೀನಿ, ಸಮಾಧಿ ಒಂದೇ.

ಶೀಲಾ: ಸಂಘದವರು ಉತ್ತರ ಕೊಟ್ರು. ಕತ್ತಲೆ ಕೋಣೆ ಇದೆಯಂತೆ, ಕ್ಲಬ್‌ಹೌಸಲ್ಲಿ. ಮಕ್ಕಳ ಹೆಸರು ಕೊಡಲ್ಲ ಅಂತ ಬರೆದೆ, ಬಾಗಿಲಲ್ಲಿ ಡಬ್ಬಿ ಇರುತ್ತೆ ಅಂತಾನೂ ಬರೆದೆ. ರಾಜ್ಯೋತ್ಸವಕ್ಕೆ ನೀವೇ ಮುಂದೆ ನಿಲ್ಲಿ ಅಂದ್ರು. ಒಪ್ಕೊಂಡೆ.

ಜೋಯಲ್: ಹಾಗಾದ್ರೆ ಶನಿವಾರ ಪೂಜೆಗೆ 15 ನಿಮಿಷ ಮುಂಚೆ ಬನ್ನಿ ಅಕ್ಕ. ವೇಷ ಬ್ಯಾಗಲ್ಲಿರಲಿ, ಪೂಜೆಗೆ ಮಾಮೂಲಿ ಬಟ್ಟೆ.

ಡೇವಿಡ್ ಭಾವ: ನಮ್ಮ ಮಕ್ಕಳೂ ಬರಬಹುದಾ? 'ನಮಗಾಗಿ ಪ್ರಾರ್ಥಿಸಿ' ಅನ್ನೋ ಮೂರನೇ ವಾಕ್ಯ ಅವರು ಹೇಳಲ್ಲ.

ಜೋಯಲ್: ಬರಲಿ ಭಾವ. ಅವರು ಎರಡೇ ವಾಕ್ಯ ಹೇಳಲಿ.

ಫಿಲೋಮಿನಾ ದೊಡ್ಡಮ್ಮ: ವೇಷದ ಬಗ್ಗೆ ನನಗೆ ಇನ್ನೂ ಸಮಾಧಾನ ಇಲ್ಲ. ಪೂಜೆಗೆ ಬರ್ತೀನಿ, ವೇಷದ ಹೊತ್ತಿಗೆ ಒಳಗೆ ಕೂತು ಜಪಸರ ಹೇಳ್ತೀನಿ. ಅಂತೋಣಿ, ಗುರುವಾರ ಸುಣ್ಣ ನಾನು ನೆನೆಹಾಕ್ತೀನಿ, ಕಬ್ಬಿಣದ ಬಕೆಟ್ ನಮ್ಮನೇಲಿದೆ. ಬ್ರಷ್ ಎರಡು ತಗೊಂಡು ಬಾ.