ಹಿತ್ತಿಲಲ್ಲಿ ಜಪಾನೀಸ್ ನಾಟ್‌ವೀಡ್ ಅನ್ನೋ ಕಳೆ, ಏನ್ ಮಾಡೋದು?

ಬೇಲಿ ಪಕ್ಕ ಬಿದಿರಿನ ಥರ ಟೊಳ್ಳು ಕಾಂಡ, ಮೇಲೆಲ್ಲಾ ಕೆಂಪು ಚುಕ್ಕೆ, ಕತ್ತರಿಸಿದಷ್ಟೂ ಚಿಗುರ್ತಾನೇ ಇದೆ. ಬುಡಸಮೇತ ಅಗೆದು ತೆಗೆದ್ಬಿಡ್ಲಾ?

ಉತ್ತರ 1: ಅಯ್ಯೋ ಅಗೀಬೇಡಿ ಮಾರಾಯ್ರೇ! ಉಗುರಿನಷ್ಟು ಬೇರಿನ ಚೂರು ಮಣ್ಣಲ್ಲಿ ಉಳಿದ್ರೂ ಹೊಸ ಗಿಡ ಏಳುತ್ತೆ. ಬೇಸಿಗೆ ಮುಗಿಯೋ ಹೊತ್ತಿಗೆ, ಹೂ ಬಿಟ್ಟ ಮೇಲೆ, ಎಲೆಗೆ ಗ್ಲೈಫೋಸೇಟ್ ಅನ್ನೋ ಕಳೆನಾಶಕ ಹೊಡೀರಿ, ಆಗ ಗಿಡ ಎಲೆಯಿಂದ ಬೇರಿಗೆ ಆಹಾರ ಇಳಿಸ್ತಿರುತ್ತೆ ಔಷಧಿನೂ ಅದರ ಜೊತೆ ಇಳಿಯುತ್ತೆ. ಒಂದೇ ಸಲಕ್ಕೆ ಸಾಯಲ್ಲ, ಮೂರ್ನಾಲ್ಕು ವರ್ಷ ಬಿಡದೆ ಮಾಡ್ಬೇಕು.

ಉತ್ತರ 2: ಕತ್ತರಿಸಿದ್ದನ್ನ ಗೊಬ್ಬರದ ಗುಂಡಿಗಂತೂ ಹಾಕ್ಲೇಬೇಡಿ. ಬ್ರಿಟನ್ನಲ್ಲಾದ್ರೆ 1990ರ ಕಾನೂನಿನ ಪ್ರಕಾರ ಅದನ್ನ ಸಿಕ್ಕಸಿಕ್ಕಲ್ಲಿ ಎಸೆಯೋದೇ ಅಪರಾಧ.

ಪಕ್ಕದ ಮನೆಯವ್ರ ಕಡೆನೂ ಇದೆ, ಆಗೇನು?

ಉತ್ತರ 1: ಮೊದ್ಲು ಅವ್ರ ಹತ್ರ ಮಾತಾಡಿ, ಇಬ್ರೂ ಒಟ್ಟಿಗೇ ಹೊಡೀದಿದ್ರೆ ವೇಸ್ಟು.